ನೇರವೂ ಓರೆಯೂ

ಶಹಾಬಾದಿನ ಕಲ್ಲು ಹಾಸದ ಮನೆ ನಮ್ಮ ಸೀಮೆಯಲ್ಲಿ ವಿರಳ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳ ಸುತ್ತಲಿನ ನೆಲದಡಿಯಲ್ಲಿ ಸುಣ್ಣಕಲ್ಲು ಪದರು ಪದರಾಗಿ ಮಲಗಿದೆ. ಪದರನ್ನು ಎಬ್ಬಿಸಿದರೆ ಅದರ ಮೈ ಬಹುಮಟ್ಟಿಗೆ ಸಮತಟ್ಟಾಗಿಯೇ ದೊರೆಯುತ್ತದೆ. ಪ್ರಕೃತಿ ಮಾಡಿಕೊಟ್ಟ ಕೆಲಸ ಅಷ್ಟೇ. ಅಂಚುಗಳನ್ನು ನೇರವಾಗಿ ಕಡಿದು ಮೂಲೆಗಳನ್ನು ಸರಿಪಡಿಸುವ ಕೆಲಸವನ್ನು ಅದು ಮನುಷ್ಯನಿಗೆ ಬಿಟ್ಟಿದೆ. ಕಲ್ಲು ಕಡಿಯುವವರೂ ಅದನ್ನು ಹಾಸುವ ಗೌಂಡಿಗಳೂ ತಲೆಮಾರುಗಳಿಂದ ಮಾಡುತ್ತ ಬಂದಿರುವ ಈ ಕೆಲಸಕ್ಕೆ ಪುಸ್ತಕದಲ್ಲಿ ರೇಖಾಗಣಿತವೆಂದು ಹೆಸರು.

ಹಲವು ವರ್ಷಗಳ ಹಿಂದೆ ಸೇಡಮಿನ ನಮ್ಮ ಮನೆಯ ಪಡಸಾಲೆಗೆ ಫರಸಿ ಹಾಕಿಸಿದೆ. ಕೆಲಸಕ್ಕೆ ಬಂದ ಗೌಂಡಿ ವಯಸ್ಸಾದವನು. ಅವನು ಮೊದಲನೆಯ ಕಲ್ಲನ್ನು ಇಡುವ ಮುನ್ನ ಕಬ್ಬಿಣದ ಗುಣ್ಯಾವನ್ನು ಮೂಲೆಗೆ ಒತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ತಲೆಯಾಡಿಸಿದ. “ಸರ್ರ, ಈ ಮೂಲಿ ಗುಣ್ಯಾಕ್ಕ ಇಲ್ರಿ. ಗ್ವಾಡಿ ಹಿಡಕೊಂಡು ಹಾಸಕೋತ ಹ್ವಾದ್ರ ಆ ಕಡಿ ಮುಟ್ಟೂದ್ರಾಗ ಎಲ್ಲಾ ಸೊಟ್ಟ ಆಗ್ತದ” ಎಂದ. ನನ್ನ ಕಣ್ಣಿಗೆ ಮೂಲೆ ಸರಿಯಾಗಿಯೇ ಕಾಣುತ್ತಿತ್ತು. ತಪ್ಪು ಹೆಚ್ಚೆಂದರೆ ಒಂದು ಡಿಗ್ರಿ ಇದ್ದಿರಬೇಕು. ಆದರೆ ಪಡಸಾಲೆಯ ಉದ್ದ ಇಪ್ಪತ್ತು ಅಡಿ. ಒಂದು ಡಿಗ್ರಿಯಷ್ಟು ಓರೆಯಾಗಿ ಹೊರಟ ಸಾಲು ಇಪ್ಪತ್ತು ಅಡಿ ಸಾಗುವಷ್ಟರಲ್ಲಿ ತನ್ನ ದಾರಿಯಿಂದ ನಾಲ್ಕು ಅಂಗುಲಕ್ಕೂ ಮಿಕ್ಕಿ ಸರಿದಿರುತ್ತದೆ. ಗೌಂಡಿ ಗೋಡೆಯನ್ನು ನಂಬಲಿಲ್ಲ. ಪಡಸಾಲೆಯ ನಡುವೆ ಒಂದು ದಾರವನ್ನು ಬಿಗಿದು ಕಟ್ಟಿದ. ಅದಕ್ಕೆ ಲಂಬವಾಗಿ ಇನ್ನೊಂದು ದಾರವನ್ನು ಕಟ್ಟುವಾಗ ಅವನು ಗುಣ್ಯಾವನ್ನೂ ಬದಿಗಿಟ್ಟ. ಒಂದು ದಾರದ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುವವರೆಗೆ ಎರಡನೆಯ ದಾರವನ್ನು ಅತ್ತಿತ್ತ ಸರಿಸಿದ. ಐದು ಅಡಿ ಬಂದ ಕ್ಷಣ ನಡುವಿನ ಕೋನ ಲಂಬಕೋನವಾಯಿತು. ಪೈಥಾಗೊರಸನ ಹೆಸರನ್ನು ಅವನು ಕೇಳಿರಲಿಲ್ಲ.

ಅವನ ಮಾತಿನಲ್ಲಿದ್ದ ‘ಸೊಟ್ಟ’ ಎಂಬ ಶಬ್ದವನ್ನು ಸ್ವಲ್ಪ ಗಮನಿಸಬೇಕು. ನಾನು ಕನ್ನಡದ ಉಪಾಧ್ಯಾಯ. ಗಣಿತದ ಉಪಾಧ್ಯಾಯರಿಲ್ಲದ ವರ್ಷಗಳಲ್ಲಿ ಗಣಿತವನ್ನೂ ಹೇಳಿಕೊಡಬೇಕಾಗಿ ಬಂದವನು. ಆದುದರಿಂದ ನನಗೆ ಶಬ್ದಗಳ ಕಡೆಗೆ ಗಮನ ಹೆಚ್ಚು. ನೇರವಲ್ಲದ್ದಕ್ಕೆ ನಮ್ಮ ಭಾಷೆಯಲ್ಲಿ ಡೊಂಕು, ಸೊಟ್ಟ, ಓರೆ, ವಾರೆ ಎಂದು ಹಲವು ಮಾತುಗಳಿವೆ. ಇವೆಲ್ಲ ಒಂದೇ ಅಲ್ಲ. ನಾಯಿಯ ಬಾಲ ಡೊಂಕು. ಅದು ತಾನೇ ಬಾಗಿದೆ. ಗೋಡೆಗೆ ಆನಿಸಿಟ್ಟ ಏಣಿ ಡೊಂಕಲ್ಲ, ಅದು ಓರೆ. ಏಣಿಯ ಮರ ನೆಟ್ಟಗೇ ಇದೆ. ನೆಲದೊಡನೆ ಹೋಲಿಸಿದಾಗ ಮಾತ್ರ ಅದು ಓರೆಯಾಗುತ್ತದೆ. ಡೊಂಕಾಗಲು ಒಂದೇ ಗೆರೆ ಸಾಕು. ಓರೆಯಾಗಲು ಎರಡು ಗೆರೆಗಳು ಬೇಕು. ಆ ಎರಡರ ನಡುವಣ ಓರೆತನದ ಅಳತೆಯೇ ಕೋನ.

ಕೋನದ ವಿಷಯದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದುಂಟು. ಭುಜಗಳನ್ನು ಉದ್ದವಾಗಿ ಎಳೆದರೆ ಕೋನ ದೊಡ್ಡದಾಯಿತೆಂದು ಅವರು ತಿಳಿಯುತ್ತಾರೆ. ಕೋನವು ಭುಜಗಳ ಉದ್ದವನ್ನು ಅವಲಂಬಿಸಿಲ್ಲ. ಒಂದು ಭುಜವನ್ನು ಇನ್ನೊಂದರ ಮೇಲೆ ತರಬೇಕಾದರೆ ಎಷ್ಟು ತಿರುಗಿಸಬೇಕೋ ಅಷ್ಟೇ ಕೋನ. ಗಡಿಯಾರದ ಚಿಕ್ಕ ಮುಳ್ಳನ್ನೂ ದೊಡ್ಡ ಮುಳ್ಳನ್ನೂ ಎಷ್ಟು ಉದ್ದ ಮಾಡಿದರೂ ಮೂರು ಗಂಟೆಗೆ ಅವುಗಳ ನಡುವೆ ಲಂಬಕೋನವೇ ಇರುತ್ತದೆ. ಪೂರ್ತಿ ಒಂದು ಸುತ್ತಿಗೆ 360 ಡಿಗ್ರಿ. ಅರ್ಧ ಸುತ್ತಿಗೆ 180. ಅರ್ಧ ಸುತ್ತು ತಿರುಗಿದ ಗೆರೆ ತನ್ನ ಹಿಂದಿನ ಗೆರೆಯೊಡನೆ ಒಂದೇ ನೇರದಲ್ಲಿ ನಿಲ್ಲುತ್ತದೆಯಾದ್ದರಿಂದ ಅದಕ್ಕೆ ಸರಳಕೋನವೆಂದು ಹೆಸರು.

ಇನ್ನು ಒಂದನ್ನೊಂದು ಕತ್ತರಿಸುವ ಎರಡು ರೇಖೆಗಳನ್ನು ನೋಡೋಣ. ಕಾಗದದ ಮೇಲೆ ಅಬ ಎಂಬ ರೇಖೆಯನ್ನೂ ಅದನ್ನು ಮ ಎಂಬ ಬಿಂದುವಿನಲ್ಲಿ ಕತ್ತರಿಸುವ ಕಡ ಎಂಬ ರೇಖೆಯನ್ನೂ ಎಳೆದುಕೊಳ್ಳಿರಿ. ಮ ಬಿಂದುವಿನ ಸುತ್ತ ನಾಲ್ಕು ಕೋನಗಳು ಉಂಟಾಗುತ್ತವೆ. ಅಮಕ ಮತ್ತು ಕಮಬ ಕೋನಗಳು ಸೇರಿ ಅಬ ರೇಖೆಯ ಒಂದು ಮಗ್ಗುಲನ್ನು ತುಂಬುವುದರಿಂದ ಅವುಗಳ ಮೊತ್ತ 180 ಡಿಗ್ರಿ. ಕಮಬ ಮತ್ತು ಬಮಡ ಕೋನಗಳು ಸೇರಿ ಕಡ ರೇಖೆಯ ಒಂದು ಮಗ್ಗುಲನ್ನು ತುಂಬುವುದರಿಂದ ಅವುಗಳ ಮೊತ್ತವೂ 180 ಡಿಗ್ರಿ. ಎರಡು ಮೊತ್ತಗಳಲ್ಲಿಯೂ ಕಮಬ ಇದೆ. ಅದನ್ನು ಎರಡರಿಂದಲೂ ಕಳೆದರೆ ಉಳಿಯುವ ಅಮಕ ಮತ್ತು ಬಮಡ ಸಮವಾಗಿರಲೇಬೇಕು. ಇವು ಶೃಂಗಾಭಿಮುಖ ಕೋನಗಳು. ಕತ್ತರಿಯನ್ನು ತೆರೆದು ನೋಡಿರಿ. ಹಿಡಿಯ ಕಡೆ ಎಷ್ಟು ತೆರೆಯುವಿರೋ ಅಲಗಿನ ಕಡೆಯೂ ಅಷ್ಟೇ ತೆರೆಯುತ್ತದೆ. ಒಂದು ಕಡೆ ಹೆಚ್ಚು ತೆರೆದು ಇನ್ನೊಂದು ಕಡೆ ಕಡಿಮೆ ತೆರೆಯುವ ಕತ್ತರಿಯನ್ನು ಯಾರೂ ಮಾಡಲಾರರು. ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ವಿದ್ವಾಂಸ ಥೇಲ್ಸನು ಇದನ್ನು ಮೊದಲು ಗಮನಿಸಿದನೆಂದು ಪ್ರತೀತಿ. ಕತ್ತರಿ ಬಳಸಿದ ಎಲ್ಲರೂ ಅದನ್ನು ಕಂಡಿದ್ದರು. ಹೀಗೇಕೆ ಎಂದು ಕೇಳಿದವರು ವಿರಳ.

ಕತ್ತರಿಸದ ರೇಖೆಗಳ ಮಾತು ಇನ್ನೂ ಸ್ವಾರಸ್ಯದ್ದು. ಸಿಕಂದರಾಬಾದಿನಿಂದ ವಾಡಿಗೆ ರೈಲುಮಾರ್ಗ ತೆರೆದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರಸ್ತೆ, ಸೇಡಂ ನಿಲ್ದಾಣಗಳು ಈ ಮಾರ್ಗದಲ್ಲಿವೆ. ಈಗಿರುವ ಅಗಲ ಹಳಿಗಳ ನಡುವಿನ ಅಂತರ 1676 ಮಿಲಿಮೀಟರು. ಹಳಿಗಳನ್ನು ಓರೆಯಾಗಿ ದಾಟುವ ಒಂದು ರಸ್ತೆಯನ್ನು ಕಲ್ಪಿಸಿಕೊಳ್ಳಿರಿ. ರಸ್ತೆ ಮೊದಲನೆಯ ಹಳಿಯೊಡನೆ 60 ಡಿಗ್ರಿ ಕೋನವನ್ನು ಮಾಡಿದರೆ ಎರಡನೆಯ ಹಳಿಯೊಡನೆಯೂ ಅದೇ ಪಾರ್ಶ್ವದಲ್ಲಿ 60 ಡಿಗ್ರಿಯನ್ನೇ ಮಾಡುತ್ತದೆ. ಇವು ಅನುರೂಪ ಕೋನಗಳು. ಎರಡು ಹಳಿಗಳ ಒಳಗೆ, ರಸ್ತೆಯ ಎರಡು ಬೇರೆ ಬೇರೆ ಮಗ್ಗುಲುಗಳಲ್ಲಿ ಇರುವ ಪರ್ಯಾಯ ಕೋನಗಳೂ ಸಮ. ರಸ್ತೆಯ ಒಂದೇ ಮಗ್ಗುಲಲ್ಲಿರುವ ಎರಡು ಒಳಕೋನಗಳು ಸಮವಲ್ಲ. ಆದರೆ ಅವುಗಳ ಮೊತ್ತ 180 ಡಿಗ್ರಿ. ಮೊದಲನೆಯ ಸಂಗತಿಯನ್ನು ಒಪ್ಪಿಕೊಂಡರೆ ಉಳಿದೆರಡು ಶೃಂಗಾಭಿಮುಖ ಕೋನಗಳಿಂದಲೂ ಸರಳಕೋನದಿಂದಲೂ ತಾವಾಗಿಯೇ ಬರುತ್ತವೆ. ಬರೆದು ನೋಡಿಕೊಳ್ಳಿರಿ.

ಆ 180ರಲ್ಲಿ ಸ್ವಲ್ಪ ಕೊರತೆಯಾದರೆ ಏನಾಗುತ್ತದೆ? ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಅಲೆಗ್ಸಾಂಡ್ರಿಯದಲ್ಲಿದ್ದ ಯೂಕ್ಲಿಡ್ ತನ್ನ ಗ್ರಂಥದ ಐದನೆಯ ಆಧಾರ ಪ್ರತಿಜ್ಞೆಯಲ್ಲಿ ಇದನ್ನೇ ಹೇಳಿದ್ದಾನೆ: ಒಂದೇ ಮಗ್ಗುಲಿನ ಒಳಕೋನಗಳ ಮೊತ್ತ ಎರಡು ಲಂಬಕೋನಗಳಿಗಿಂತ ಕಡಿಮೆಯಿದ್ದರೆ, ಆ ರೇಖೆಗಳು ಬೆಳೆಸುತ್ತ ಹೋದಂತೆ ಆ ಮಗ್ಗುಲಲ್ಲಿಯೇ ಎಲ್ಲಿಯಾದರೂ ಕೂಡುತ್ತವೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಕೊರತೆ ಇದೆಯೆಂದು ಎಣಿಸಿರಿ. ಕಣ್ಣಿಗೆ ಅದು ಕಾಣುವಂತಿಲ್ಲ. ಆದರೂ ವಾಡಿಯಿಂದ ನೇರವಾಗಿ ಹೊರಟ ಆ ಎರಡು ಹಳಿಗಳು ಆರು ಕಿಲೋಮೀಟರಿನೊಳಗಾಗಿ, ಎಂದರೆ ಚಿತ್ತಾಪುರವನ್ನು ಮುಟ್ಟುವುದಕ್ಕೆ ಮೊದಲೇ, ಒಂದನ್ನೊಂದು ಕೂಡಿಬಿಡುತ್ತಿದ್ದವು. ಈ ಪ್ರತಿಜ್ಞೆಯನ್ನು ಉಳಿದ ಪ್ರತಿಜ್ಞೆಗಳಿಂದ ಸಾಧಿಸಲು ವಿದ್ವಾಂಸರು ಎರಡು ಸಾವಿರ ವರ್ಷ ಶ್ರಮಿಸಿದರು. ಯಾರಿಗೂ ಆಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಲೊಬಚೆವ್‌ಸ್ಕಿ, ಹಂಗೇರಿಯ ಬೋಯಾಯಿ ಎಂಬಿಬ್ಬರು ಇದನ್ನು ಬಿಟ್ಟುಕೊಟ್ಟು ಬೇರೆಯೇ ಒಂದು ರೇಖಾಗಣಿತವನ್ನು ಕಟ್ಟಬಹುದೆಂದು ತೋರಿಸಿದರು. ಆ ವಿಚಾರ ನಿಮ್ಮ ಮುಂದಿನ ತರಗತಿಗಳಿಗೆ ಸೇರಿದ್ದು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಒಮ್ಮೆ ನಾನು ಒಂಬತ್ತನೆಯ ತರಗತಿಯ ಮಕ್ಕಳಿಗೆ, ಯಾವುದಾದರೂ ಒಂದು ತ್ರಿಭುಜವನ್ನು ಬರೆದು ಅದರ ಮೂರು ಕೋನಗಳನ್ನೂ ಕೋನಮಾಪಕದಿಂದ ಅಳೆದು ಕೂಡಿಸಿ ತರಲು ಹೇಳಿದೆ. ಮರುದಿನ ನಲವತ್ತು ಪುಸ್ತಕಗಳಲ್ಲಿ ಮೂವತ್ತೊಂಬತ್ತರಲ್ಲಿ ಸರಿಯಾಗಿ 180 ಇತ್ತು. ಗಣಿಯಲ್ಲಿ ಕಲ್ಲು ಕಡಿಯುವವರೊಬ್ಬರ ಮಗನ ಪುಸ್ತಕದಲ್ಲಿ ಮಾತ್ರ 178 ಇತ್ತು. ನಾನು ಅದಕ್ಕೆ ಕೆಂಪು ಗೆರೆ ಎಳೆದೆ. ಹುಡುಗ ಎದ್ದು ನಿಂತು, “ಸರ್ರ, ನಂದು ಮೂರು ಸಲ ಅಳದ್ರೂ 178 ಬಂದದ್ರಿ. ಸುಳ್ಳು ಬರೀಲೇನ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ಸರಿಯಾಗಿ ಅಳೆಯಲು ಕಲಿತುಕೋ ಎಂದು ಹೇಳಿ ನಾನು ಅವನನ್ನು ಕೂರಿಸಿದೆ.

ಆ ರಾತ್ರಿ ಯೋಚಿಸುತ್ತ ಕುಳಿತಾಗ ನನಗೆ ತಿಳಿಯಿತು: ಉಳಿದ ಮೂವತ್ತೊಂಬತ್ತು ಮಂದಿಯಲ್ಲಿ ಬಹುಪಾಲು ಮಕ್ಕಳು ಎರಡು ಕೋನಗಳನ್ನು ಅಳೆದು, ಮೂರನೆಯದನ್ನು 180ರಿಂದ ಕಳೆದು ಬರೆದಿದ್ದರು. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಕೋನಮಾಪಕದ ಗುರುತುಗಳಿಗೂ ದಪ್ಪವಿದೆ, ಕಣ್ಣು ಅತ್ತಿತ್ತ ಸರಿಯುತ್ತದೆ. ಮೂರು ಕೋನಗಳಲ್ಲಿ ಒಂದೊಂದರಲ್ಲಿಯೂ ಅರ್ಧ ಮುಕ್ಕಾಲು ಡಿಗ್ರಿ ತಪ್ಪಿದರೆ 178 ಬರುವುದು ಸಹಜ. ಅಳೆದವನು ಅವನೊಬ್ಬನೇ.

ಹಾಗಾದರೆ ಮೊತ್ತ 180 ಎಂದು ನಾವು ಯಾವ ಧೈರ್ಯದಿಂದ ಹೇಳುತ್ತೇವೆ? ಅಳೆದು ಹೇಳುವುದಿಲ್ಲ. ಸಾವಿರ ತ್ರಿಭುಜಗಳನ್ನು ಅಳೆದರೂ ಸಾವಿರದ ಒಂದನೆಯದು ಹೇಗಿದೆಯೋ ಹೇಳಬರುವುದಿಲ್ಲ. ಮರುದಿನ ನಾನು ಹಲಗೆಯ ಮೇಲೆ ಅಬಕ ಎಂಬ ತ್ರಿಭುಜವನ್ನು ಬರೆದೆ. ಬಕ ಅದರ ಪಾದ, ಅ ಅದರ ತುದಿ. ಅ ಬಿಂದುವಿನ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ರೇಖೆಯನ್ನು ಎಳೆದೆ. ಈಗ ಅಬ ಭುಜವು ಎರಡು ಸಮಾಂತರ ರೇಖೆಗಳನ್ನು ದಾಟುವ ಓರೆ ರಸ್ತೆಯಾಯಿತು. ಬ ಮೂಲೆಯ ಕೋನಕ್ಕೆ ಸಮವಾದ ಪರ್ಯಾಯ ಕೋನ ಅ ಬಿಂದುವಿನ ಒಂದು ಬದಿಯಲ್ಲಿ ಬಂದು ಕುಳಿತಿತು. ಅದೇ ರೀತಿ ಅಕ ಭುಜದಿಂದಾಗಿ ಕ ಮೂಲೆಯ ಕೋನ ಇನ್ನೊಂದು ಬದಿಗೆ ಬಂತು. ಅ ಮೂಲೆಯ ಕೋನ ನಡುವೆ ಮೊದಲಿನಿಂದಲೂ ಇತ್ತು. ಮೂರೂ ಸೇರಿ ಆ ಸಮಾಂತರ ರೇಖೆಯ ಕೆಳ ಮಗ್ಗುಲನ್ನು ತುಂಬಿದವು. ಎಂದರೆ ಅವುಗಳ ಮೊತ್ತ ಒಂದು ಸರಳಕೋನ. ಇಲ್ಲಿ ಕೋನಮಾಪಕ ಎಲ್ಲಿಯೂ ಬರಲಿಲ್ಲ. ತ್ರಿಭುಜ ಯಾವುದಾದರೂ ಆಗಿರಲಿ, ಈ ಮಾತು ನಡೆಯುತ್ತದೆ. ಆಮೇಲೆ ಹುಡುಗನ ಪುಸ್ತಕವನ್ನು ತರಿಸಿ, 178ರ ಪಕ್ಕದಲ್ಲಿ “ಅಳತೆ ಪ್ರಾಮಾಣಿಕ, ತಪ್ಪು 2 ಡಿಗ್ರಿ” ಎಂದು ಬರೆದುಕೊಟ್ಟೆ. ಮೊದಲಿನ ಕೆಂಪು ಗೆರೆಯನ್ನು ಅಳಿಸಲು ಬರುವಂತಿರಲಿಲ್ಲ.

ಆ ಹುಡುಗನಂತೆಯೇ ಮೂರು ಕೋನಗಳನ್ನೂ ಅಳೆದವರು ನಮ್ಮ ಸೀಮೆಯ ನೆರೆಯಲ್ಲಿಯೇ ಸಂಚರಿಸಿದ್ದಾರೆ. ಮುಂದೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯೆಂದು ಹೆಸರಾದ ಕಾರ್ಯವನ್ನು ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸಮೀಪ ಆರಂಭಿಸಿದನು. 1804ರಲ್ಲಿ ಬೆಂಗಳೂರಿನ ಬಳಿಯಲ್ಲಿಯೂ 1815ರಲ್ಲಿ ಬೀದರಿನ ಬಳಿಯಲ್ಲಿಯೂ ಅವನು ಸರಪಳಿಯಿಂದ ಆಧಾರರೇಖೆಗಳನ್ನು ಅಳೆಸಿದನು. ಒಂದು ಭುಜವೂ ಕೋನಗಳೂ ತಿಳಿದರೆ ಉಳಿದ ಎರಡು ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದಾದ್ದರಿಂದ, ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳನ್ನು ಹೆಣೆಯುತ್ತ ಹೋದರೆ ದೇಶವನ್ನೆಲ್ಲ ಅಳೆಯಬಹುದು. ಎರಡು ಕೋನಗಳನ್ನು ಅಳೆದು ಮೂರನೆಯದನ್ನು ಕಳೆದು ತೆಗೆಯುವ ಸುಲಭದ ದಾರಿ ಅವರಿಗೂ ಇತ್ತು. ಅವರು ತಮ್ಮ ತಪ್ಪನ್ನು ಹಿಡಿಯುವುದಕ್ಕಾಗಿ ಮೂರನ್ನೂ ಅಳೆಯುತ್ತಿದ್ದರು. ಇಲ್ಲಿ ಇನ್ನೊಂದು ವಿಸ್ಮಯವುಂಟು. ಭೂಮಿಯ ಮೈ ಸಮತಲವಲ್ಲ, ಗೋಳ. ಆದುದರಿಂದ ಅದರ ಮೇಲಿನ ದೊಡ್ಡ ತ್ರಿಭುಜಗಳ ಕೋನಗಳ ಮೊತ್ತ 180 ಡಿಗ್ರಿಗಿಂತ ತುಸು ಹೆಚ್ಚು. ಒಂದೊಂದು ಭುಜವೂ 40 ಕಿಲೋಮೀಟರಿರುವ ತ್ರಿಭುಜದಲ್ಲಿ ಆ ಹೆಚ್ಚಳ ಸುಮಾರು ಮೂರೂವರೆ ಸೆಕೆಂಡು. ಒಂದು ಡಿಗ್ರಿಗೆ 3600 ಸೆಕೆಂಡುಗಳು. ಅಷ್ಟು ಸಣ್ಣ ಮೊತ್ತವನ್ನೂ ಲೆಕ್ಕದಲ್ಲಿ ಬಿಡುವಂತಿರಲಿಲ್ಲ.

ಕೋನವನ್ನು ಮರೆತರೆ ಮನೆಯ ನೆಲವಷ್ಟೇ ಕೆಡುತ್ತದೆಂದು ತಿಳಿಯಬೇಡಿರಿ. ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರಿಬ್ಬರು ಹೊಲವನ್ನು ಹಂಚಿಕೊಂಡರು. ನಡುವೆ 100 ಮೀಟರಿನ ಒಂದು ಬದು. ಅಣ್ಣನ ಪಾಲಿನ ನಾಲ್ಕು ಬದಿಗಳೂ ನೂರು ನೂರು ಮೀಟರು. ತಮ್ಮನ ಪಾಲಿನವೂ ನೂರು ನೂರೇ. ಹಗ್ಗ ಹಿಡಿದು ಊರ ಹಿರಿಯರ ಮುಂದೆ ಅಳೆದದ್ದು. ಆದರೆ ತಮ್ಮನ ಹೊಲ ನಾಲೆಯ ಗುಂಟ ವಾಲಿಕೊಂಡಿತ್ತು. ಬಿತ್ತಿಗೆಗೆ ತೊಗರಿ ಬೀಜ ಪ್ರತಿವರ್ಷ ಅವನಲ್ಲಿ ಉಳಿಯತೊಡಗಿತು. ಅಣ್ಣನನ್ನು ಕೇಳಿದರೆ, “ಹಗ್ಗ ಸುಳ್ಳ ಹೇಳ್ತದೇನೋ ತಮ್ಮಾ?” ಎಂಬ ಉತ್ತರ. ಇಬ್ಬರ ನಡುವೆ ಮಾತು ನಿಂತಿತು. ತಮ್ಮ ಒಂದು ದಿನ ನನ್ನಲ್ಲಿಗೆ ಬಂದ.

ಹಗ್ಗ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆ ಸಾಲದಾಗಿತ್ತು. ಅಣ್ಣನ ಹೊಲದ ಮೂಲೆಗಳು ಲಂಬಕೋನಗಳು, ಅದು ಚೌಕ. ತಮ್ಮನದು ವಜ್ರಾಕೃತಿ, ಅದರ ಒಂದು ಮೂಲೆ 60 ಡಿಗ್ರಿ. ಗೌಂಡಿಯಿಂದ ಕಲಿತ ಮೂರು ನಾಲ್ಕು ಐದರ ಉಪಾಯದಿಂದ ನಡುವಿನ ಬದುವಿಗೆ ಲಂಬವನ್ನು ಹಿಡಿದು, ಎದುರಿನ ಬದುವಿನವರೆಗೆ ಅಳೆದೆವು. 86 ಮೀಟರು 60 ಸೆಂಟಿಮೀಟರು ಬಂತು. ಅಣ್ಣನ ಹೊಲ 10,000 ಚದರ ಮೀಟರು, ತಮ್ಮನದು 8,660. ಕೊರತೆ 1,340 ಚದರ ಮೀಟರು, ಎಂದರೆ ಹದಿಮೂರು ಗುಂಟೆಗೂ ಸ್ವಲ್ಪ ಹೆಚ್ಚು.

ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ ಗುಣಿಸುವ ಅಣ್ಣನ ಲೆಕ್ಕ ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಈಗಿನ ಆ ಚಿಕ್ಕ ಊರು, ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿ 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಸುಮಾರು 850ರಲ್ಲಿ ರಚಿಸಿದರು. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಕ್ಷೇತ್ರಗಣಿತದ ಭಾಗದಲ್ಲಿ ಮಹಾವೀರಾಚಾರ್ಯರು ಅಳತೆಯನ್ನು ಎರಡು ಬಗೆಯಾಗಿ ಹೇಳುತ್ತಾರೆ: ಒಂದು ವ್ಯಾವಹಾರಿಕ, ಎಂದರೆ ಕೆಲಸ ಸಾಗಿಸುವಷ್ಟರ ಸ್ಥೂಲ ಲೆಕ್ಕ, ಇನ್ನೊಂದು ಸೂಕ್ಷ್ಮ. ಎದುರು ಬದಿಗಳ ಮೊತ್ತದ ಅರ್ಧಗಳನ್ನು ಗುಣಿಸುವುದು ವ್ಯಾವಹಾರಿಕ. ಪಾದ ಮತ್ತು ಮುಖಗಳ ಮೊತ್ತದ ಅರ್ಧವನ್ನು ಲಂಬದಿಂದ ಗುಣಿಸುವುದನ್ನು ಅವರು ಸೂಕ್ಷ್ಮದಲ್ಲಿ ಸೇರಿಸಿದ್ದಾರೆ. ಅವರು ತ್ರಿಭುಜಗಳನ್ನು ವಿಂಗಡಿಸಿದ್ದು ಭುಜಗಳಿಂದ, ಸಮ, ದ್ವಿಸಮ, ವಿಷಮ ಎಂದು. ನಮ್ಮ ಪ್ರಾಚೀನ ಗಣಿತಜ್ಞರು ಕ್ಷೇತ್ರಗಳನ್ನು ಡಿಗ್ರಿಗಳಿಂದಲ್ಲ, ಭುಜ, ಲಂಬ, ಕರ್ಣಗಳಿಂದ ಹಿಡಿಯುತ್ತಿದ್ದರು. ಲಂಬ ಬಂದಲ್ಲೆಲ್ಲ ಲಂಬಕೋನವೂ ಬಂದೇ ಇರುತ್ತದೆ.

ಅಣ್ಣ ಆ ದಿನ ಒಪ್ಪಲಿಲ್ಲ. ಹಗ್ಗವನ್ನು ಸುತ್ತಿಕೊಂಡು ಹೊರಟುಹೋದ. ಮುಂದಿನ ಮುಂಗಾರಿಗೆ ನಾನು ಆ ದಾರಿಯಲ್ಲಿ ಹೋದಾಗ ನಡುವಿನ ಬದು ಅಣ್ಣನ ಹೊಲದೊಳಕ್ಕೆ ಏಳು ಮೀಟರಿಗೆ ಸ್ವಲ್ಪ ಕಡಿಮೆ ಸರಿದಿತ್ತು. ಕೊರತೆಯ ಅರ್ಧಕ್ಕೆ ಅದು ಸರಿಯಾಗುತ್ತದೆ. ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ಸಮಾಂತರ ರೇಖೆಗಳಿಂದ ಹೊಲಕ್ಕಿಂತ ದೊಡ್ಡದನ್ನೂ ಅಳೆದವರಿದ್ದಾರೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೊಸ್ಥೆನೀಸ್ ಎಂಬ ವಿದ್ವಾಂಸನಿಗೆ, ಈಜಿಪ್ಟಿನ ದಕ್ಷಿಣದ ಸಯೀನ್ ಪಟ್ಟಣದಲ್ಲಿ ವರ್ಷದ ಒಂದು ದಿನ ಮಧ್ಯಾಹ್ನ ಸೂರ್ಯನು ನೆತ್ತಿಗೆ ಬರುವುದು ತಿಳಿದಿತ್ತು. ಅದೇ ಹೊತ್ತಿಗೆ ಉತ್ತರದ ಅಲೆಗ್ಸಾಂಡ್ರಿಯದಲ್ಲಿ ಸೂರ್ಯನ ಕಿರಣ ಲಂಬರೇಖೆಗೆ ವೃತ್ತದ ಐವತ್ತನೆಯ ಒಂದು ಭಾಗದಷ್ಟು, ಎಂದರೆ 7.2 ಡಿಗ್ರಿ, ಓರೆಯಾಗಿತ್ತು. ಸೂರ್ಯನು ಅತಿ ದೂರದಲ್ಲಿರುವುದರಿಂದ ಎರಡು ಊರುಗಳ ಕಿರಣಗಳೂ ಸಮಾಂತರ. ನೆಟ್ಟ ಕಂಬವನ್ನು ಕೆಳಕ್ಕೆ ಬೆಳೆಸಿದರೆ ಅದು ಭೂಮಿಯ ಕೇಂದ್ರವನ್ನು ಮುಟ್ಟುವ ಓರೆ ರಸ್ತೆ. ಆಗ ಕಂಬದ ತುದಿಯಲ್ಲಿ ಕಂಡ ಕೋನವೂ ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವೆ ಉಂಟಾಗುವ ಕೋನವೂ ಪರ್ಯಾಯ ಕೋನಗಳು, ಆದ್ದರಿಂದ ಸಮ. ಊರುಗಳ ನಡುವಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ.

ಇದನ್ನು ಸೇಡಮಿನ ವಿದ್ಯಾರ್ಥಿಗಳೂ ಮಾಡಬಹುದು. ನಮ್ಮ ಊರಿನಲ್ಲಿ ಮೇ 8–9ರ ಸುಮಾರಿಗೂ ಆಗಸ್ಟ್ 3–4ರ ಸುಮಾರಿಗೂ ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೆ ಆಗ ನೆರಳಿಲ್ಲ. ಬೆಂಗಳೂರು ಸೇಡಮಿಗೆ ಬಹುಮಟ್ಟಿಗೆ ನೇರ ದಕ್ಷಿಣದಲ್ಲಿ, ಸುಮಾರು 465 ಕಿಲೋಮೀಟರು ದೂರದಲ್ಲಿದೆ. ದುಡಿಮೆಗಾಗಿ ಬೆಂಗಳೂರಿಗೆ ಹೋದ ಅಣ್ಣನೋ ಚಿಕ್ಕಪ್ಪನೋ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಆ ದಿನ ಅವರು ಒಂದು ಮೀಟರಿನ ಕೋಲನ್ನು ತೂಗುಗುಂಡಿನಿಂದ ನೆಟ್ಟಗೆ ನಿಲ್ಲಿಸಿ, ನೆರಳು ಅತ್ಯಂತ ಗಿಡ್ಡವಾದಾಗ ಅಳೆದು ದೂರವಾಣಿಯಲ್ಲಿ ತಿಳಿಸಲಿ. ಅದು ದಕ್ಷಿಣಕ್ಕೆ ಬಿದ್ದು 7.3 ಸೆಂಟಿಮೀಟರಿನಷ್ಟು ಇರಬೇಕು. ಕೋಲನ್ನೂ ನೆರಳನ್ನೂ ಪ್ರಮಾಣಕ್ಕೆ ತಕ್ಕಂತೆ ಕಾಗದದ ಮೇಲೆ ಬರೆದು ತುದಿಯ ಕೋನವನ್ನು ಅಳೆಯಿರಿ. 4.2 ಡಿಗ್ರಿ ಬಂದರೆ, 465ನ್ನು 360ರಿಂದ ಗುಣಿಸಿ 4.2ರಿಂದ ಭಾಗಿಸಿದಾಗ ಭೂಮಿಯ ಸುತ್ತಳತೆ 40,000 ಕಿಲೋಮೀಟರಿಗೆ ಹತ್ತಿರವಾಗಿ ದೊರೆಯುತ್ತದೆ. ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಭೂಮಿ ನಾಲ್ಕೈದು ಸಾವಿರ ಕಿಲೋಮೀಟರು ಕುಗ್ಗುತ್ತದೆ, ಇಲ್ಲವೇ ಹಿಗ್ಗುತ್ತದೆ. ಬಂದದ್ದನ್ನೇ ಬರೆಯಿರಿ.

ಆಗಸ್ಟಿನಲ್ಲಿ ಮೋಡಗಳ ಭಯವಿರುವುದರಿಂದ ಮೇ ತಿಂಗಳೇ ಲೇಸು. ಶಾಲೆಗೆ ರಜೆಯಿರುತ್ತದೆ, ಬಿಸಿಲು ವಿಪರೀತ. ತಲೆಗೆ ವಸ್ತ್ರ ಕಟ್ಟಿಕೊಳ್ಳಿರಿ. ಸೇಡಮಿನಲ್ಲಿ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ. ಮೇ ತಿಂಗಳ ಆ ದಿನಗಳಲ್ಲಿ ಅದು ಹನ್ನೆರಡೂಕಾಲರ ಸುಮಾರಿಗೆ ಆಗುತ್ತದೆ. ಹನ್ನೆರಡಕ್ಕೇ ಅಂಗಳದ ಫರಸಿಯ ಮೇಲೆ ಕೋಲನ್ನು ನಿಲ್ಲಿಸಿ, ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದಿಂದ ಒಂದು ಚುಕ್ಕೆ ಇಡುತ್ತ ಕಾಯಿರಿ.